ಬೆಟ್ಟ ಕೊಡುವ ಸೂಚನೆ

ಮಕ್ಕಳೇ,

ನಮ್ಮ ತಾಳವಾಡಿ ಬೆಟ್ಟದ ಚಳಿ ನಿಮಗೆ ಚೆನ್ನಾಗಿ ಗೊತ್ತು. ಚಳಿಗಾಲದಲ್ಲಿ ಬೆಳಗ್ಗೆ ಎದ್ದು ಹೊರಗೆ ಬಂದರೆ ಎದುರು ಮನೆಯೇ ಕಾಣುವುದಿಲ್ಲ. ರಾಗಿ ಹುಲ್ಲಿನ ಮೆದೆಯ ಮೇಲೆ ಇಬ್ಬನಿ ಹೊಳೆಯುತ್ತಿರುತ್ತದೆ. ಮಾತನಾಡಿದರೆ ಬಾಯಿಂದ ಹೊಗೆ ಬರುತ್ತದೆ. ದಿಂಬಂ ಘಟ್ಟದ 27 ತಿರುವುಗಳಲ್ಲಿ ಬಸ್ಸುಗಳು ಹಗಲಿನಲ್ಲಿಯೇ ದೀಪ ಹಾಕಿಕೊಂಡು ಮೆಲ್ಲಗೆ ಇಳಿಯುತ್ತವೆ. ಇದನ್ನು ನಾವು ಮಂಜು ಎನ್ನುತ್ತೇವೆ. ಬಿಸಿಲು ಏರಿದರೆ ಮಂಜು ಕರಗಿಹೋಗುತ್ತದೆ. ಅದರಿಂದ ಯಾರಿಗೂ ದೊಡ್ಡ ತೊಂದರೆಯಿಲ್ಲ.

ಹಿಮ ಬೇರೆ. ಬಹಳ ಚಳಿಯಿರುವ ಎತ್ತರದ ಬೆಟ್ಟಗಳಲ್ಲಿ ಮೋಡದೊಳಗಿನ ನೀರು ಹೆಪ್ಪುಗಟ್ಟಿ, ಹತ್ತಿಯ ಎಳೆಗಳಂತೆ ಕೆಳಗೆ ಬೀಳುತ್ತದೆ. ಅದು ಹಿಮಪಾತ. ಹಾಗೆ ಬಿದ್ದ ಹಿಮ ಇಳಿಜಾರಿನಲ್ಲಿ ರಾಶಿಯಾಗಿ, ಒಂದು ದಿನ ಒಮ್ಮೆಲೇ ಕೆಳಗೆ ಜಾರುತ್ತದೆ. ಅದು ಹಿಮಕುಸಿತ. ಪತ್ರಿಕೆಗಳಲ್ಲಿ ಕೆಲವು ಸಲ ಎರಡಕ್ಕೂ ಹಿಮಪಾತವೆಂದೇ ಬರೆಯುತ್ತಾರೆ. ನೀವು ಮಾತ್ರ ಎರಡನ್ನೂ ಬೇರೆ ಬೇರೆಯಾಗಿ ನೆನಪಿಡಿ. ಒಂದು ಆಕಾಶದಿಂದ ಬೀಳುವುದು, ಇನ್ನೊಂದು ಬೆಟ್ಟದಿಂದ ಬೀಳುವುದು.

ನಮ್ಮ ಊರಿನಲ್ಲಿ ಯಾರೂ ಹಿಮ ಬೀಳುವುದನ್ನು ಕಂಡಿಲ್ಲ. ಹಾಗಾದರೆ ಈ ಪಾಠ ಏಕೆ ಎಂದು ನೀವು ಕೇಳಬಹುದು. 2016ನೆಯ ಇಸವಿ ಫೆಬ್ರವರಿ ತಿಂಗಳಲ್ಲಿ ಐದನೆಯ ತರಗತಿಯ ಒಬ್ಬ ಹುಡುಗ ನನ್ನನ್ನು ಒಂದು ಪ್ರಶ್ನೆ ಕೇಳಿದ. ಆ ಪ್ರಶ್ನೆಯ ಹಿಂದೆ ಹೋದಾಗ ನಾನು ಕಲಿತದ್ದನ್ನು ನಿಮಗೆ ಹೇಳಬೇಕೆನಿಸಿದೆ.

ಆ ತಿಂಗಳ 3ನೆಯ ತಾರೀಖು ಸಿಯಾಚಿನ್‌ನಲ್ಲಿ ಹಿಮಕುಸಿತವಾಯಿತು. ಸಿಯಾಚಿನ್ ಎಂಬುದು ನಮ್ಮ ದೇಶದ ಉತ್ತರದ ತುದಿಯಲ್ಲಿ, ಲಡಾಖಿನಲ್ಲಿರುವ ದೊಡ್ಡ ಹಿಮನದಿ. ಅದರ ಉದ್ದ ಸುಮಾರು 76 ಕಿಲೋಮೀಟರ್. 1984ರಿಂದ ನಮ್ಮ ಸೈನಿಕರು ಅಲ್ಲಿ ಕಾವಲಿದ್ದಾರೆ. ಅಲ್ಲಿ ಸೋನಂ ಎಂಬ ಕಾವಲು ಠಾಣೆ ಸುಮಾರು 19,600 ಅಡಿ ಎತ್ತರದಲ್ಲಿದೆ. ನಮ್ಮ ಐದು ದಿಂಬಂ ಘಟ್ಟಗಳನ್ನು ಒಂದರ ಮೇಲೊಂದು ಇಟ್ಟರೂ ಆ ಎತ್ತರ ಬರುವುದಿಲ್ಲ. ಅಲ್ಲಿ ಉಸಿರಾಡಲು ಗಾಳಿ ಸಾಲದು. ರಾತ್ರಿಯ ಚಳಿ ಸೊನ್ನೆಗಿಂತ 40 ಡಿಗ್ರಿಗೂ ಕೆಳಗೆ ಇಳಿಯುತ್ತದೆ. ಆ ಠಾಣೆಯಲ್ಲಿದ್ದ ಹತ್ತು ಮಂದಿ ಸೈನಿಕರ ಮೇಲೆ ಹಿಮದ ಗೋಡೆ ಕುಸಿದು ಬಿತ್ತು.

ಆ ಹತ್ತು ಮಂದಿಯೂ ಮದ್ರಾಸ್ ರೆಜಿಮೆಂಟಿನ 19ನೆಯ ಬೆಟಾಲಿಯನ್ನಿನವರು. ಈ ರೆಜಿಮೆಂಟಿನ ತರಬೇತಿ ಕೇಂದ್ರ ನಮ್ಮ ನೆರೆಯ ನೀಲಗಿರಿ ಜಿಲ್ಲೆಯ ವೆಲ್ಲಿಂಗ್ಟನ್‌ನಲ್ಲಿದೆ. ಹತ್ತು ಮಂದಿಯಲ್ಲಿ ನಾಲ್ವರು ತಮಿಳುನಾಡಿನವರು, ಮೂವರು ಕರ್ನಾಟಕದವರು. ಕೇರಳ, ಆಂಧ್ರಪ್ರದೇಶ, ಮಹಾರಾಷ್ಟ್ರಗಳಿಂದ ಒಬ್ಬೊಬ್ಬರು. ಬೇರೆ ಬೇರೆ ಮಾತಿನವರು ಒಂದೇ ಗುಡಾರದ ಬಳಿ ಕಾವಲಿದ್ದರು. ನಮ್ಮ ಊರಿನ ಅಂಗಡಿಯಲ್ಲಿ ಆ ವಾರ ತಮಿಳು ಪತ್ರಿಕೆ ಓದುವವರೂ ಕನ್ನಡ ಪತ್ರಿಕೆ ಓದುವವರೂ ಒಂದೇ ಸುದ್ದಿಯನ್ನು ಹುಡುಕುತ್ತಿದ್ದರು.

ನಾನು ಪತ್ರಿಕೆಯನ್ನು ತರಗತಿಗೆ ಒಯ್ದು ಓದಿ ಹೇಳಿದೆ. ಆಗ ಆ ಹುಡುಗ ಎದ್ದು ನಿಂತು, “ಸಾರ್, ಹಿಮ ಹತ್ತಿ ತರಹ ಮೆತ್ತಗೆ ಇರುತ್ತೆ ಅಂದ್ರಿ. ಹತ್ತಿ ಮೈಮೇಲೆ ಬಿದ್ದರೆ ಯಾರಾದರೂ ಸಾಯ್ತಾರಾ?” ಎಂದು ಕೇಳಿದ.

ಪ್ರಶ್ನೆ ಸರಿಯಾಗಿಯೇ ಇತ್ತು. ಉತ್ತರಕ್ಕೆ ಮೊದಲು ಒಂದು ಲೆಕ್ಕ ಮಾಡಿದೆವು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲ, ಒಂದು ಮೀಟರ್ ಎತ್ತರದ ಪೆಟ್ಟಿಗೆಯನ್ನು ಊಹಿಸಿಕೊಳ್ಳಿ. ಅದರ ತುಂಬ ಆಗತಾನೇ ಬಿದ್ದ ಹಿಮವನ್ನು ತುಂಬಿದರೆ ತೂಕ ಸುಮಾರು 100 ಕಿಲೋ. ಅಂದರೆ 50 ಕಿಲೋದ ಎರಡು ಆಲೂಗಡ್ಡೆ ಮೂಟೆ. ಅದೇ ಹಿಮ ಬೆಟ್ಟದಿಂದ ಜಾರಿ, ಉರುಳಿ, ಕೆಳಗೆ ಬಂದು ನಿಂತಾಗ ಅದರ ನಡುವಿನ ಗಾಳಿ ಹೊರಟುಹೋಗಿರುತ್ತದೆ. ಆಗ ಅದೇ ಪೆಟ್ಟಿಗೆಯಲ್ಲಿ 400 ಕಿಲೋಗೂ ಹೆಚ್ಚು ಹಿಡಿಸುತ್ತದೆ. ಅಂದರೆ ಎಂಟು ಮೂಟೆಗೂ ಮೇಲೆ. ಜಾರುವಾಗ ಅದರ ವೇಗ ಗಂಟೆಗೆ 100 ಕಿಲೋಮೀಟರನ್ನೂ ಮೀರಬಹುದು. ನಿಂತ ಮೇಲೆ ಅದು ಕಾಂಕ್ರೀಟಿನಂತೆ ಗಟ್ಟಿಯಾಗುತ್ತದೆ. ಅದರೊಳಗೆ ಸಿಕ್ಕಿದವರು ಕೈಬೆರಳನ್ನೂ ಆಡಿಸಲಾರರು.

“ಮೆತ್ತಗಿರುವುದು ಹೇಗೆ ಒಮ್ಮೆಲೇ ಜಾರುತ್ತದೆ?” ಎಂಬುದು ಮುಂದಿನ ಪ್ರಶ್ನೆ. ಅದಕ್ಕೆ ಒಂದು ಪ್ರಯೋಗ ಮಾಡಿದೆವು. ನೀವೂ ದೊಡ್ಡವರ ಸಹಾಯ ಪಡೆದು ಮಾಡಬಹುದು. ಎರಡು ಹಲಗೆಗಳಿಗೆ ಗೋಣಿಚೀಲ ಸುತ್ತಿದೆವು. ಮೊದಲನೆಯ ಹಲಗೆಯ ಮೇಲೆ ರಾಗಿ ಹಿಟ್ಟನ್ನು ಎರಡು ಬೆರಳು ದಪ್ಪಕ್ಕೆ ಹರಡಿ ಕೈಯಿಂದ ಒತ್ತಿದೆವು. ಎರಡನೆಯ ಹಲಗೆಯ ಮೇಲೆ ಮೊದಲು ರಾಗಿ ಕಾಳನ್ನು ತೆಳುವಾಗಿ ಹರಡಿ, ಅದರ ಮೇಲೆ ಅಷ್ಟೇ ಹಿಟ್ಟನ್ನು ಹರಡಿ ಒತ್ತಿದೆವು. ಹಿಟ್ಟು ಹಾಳಾಗಬಾರದೆಂದು ಕೆಳಗೆ ಒಗೆದ ಪಂಚೆ ಹಾಸಿದ್ದೆವು. ಮೇಲಿನಿಂದ ನೋಡಿದರೆ ಎರಡು ಹಲಗೆಗಳಿಗೂ ಏನೂ ವ್ಯತ್ಯಾಸವಿರಲಿಲ್ಲ.

ಆಮೇಲೆ ಇಬ್ಬರು ಮಕ್ಕಳು ಎರಡು ಹಲಗೆಗಳನ್ನೂ ಒಂದು ಕಡೆಯಿಂದ ಮೆಲ್ಲಗೆ ಎತ್ತುತ್ತಾ ಹೋದರು. ಇನ್ನೊಬ್ಬಳು ಕೋನಮಾಪಕ ಹಿಡಿದು ಕುಳಿತಳು. ಸ್ವಲ್ಪ ಎತ್ತಿದಾಗ ಏನೂ ಆಗಲಿಲ್ಲ. ಇನ್ನೂ ಎತ್ತಿದಾಗ ಎರಡನೆಯ ಹಲಗೆಯ ಹಿಟ್ಟಿನ ಮೇಲ್ಭಾಗದಲ್ಲಿ ಒಂದು ಬಿರುಕು ಕಾಣಿಸಿತು. ಮರುಗಳಿಗೆಯಲ್ಲಿ ಇಡೀ ಹಿಟ್ಟು ಒಂದೇ ಹಪ್ಪಳದಂತೆ ಸರ್ರನೆ ಜಾರಿ ಪಂಚೆಯ ಮೇಲೆ ಬಿತ್ತು. ಮೊದಲನೆಯ ಹಲಗೆಯ ಹಿಟ್ಟು ಮಾತ್ರ ಗೋಣಿಯನ್ನು ಹಿಡಿದುಕೊಂಡೇ ಇತ್ತು. “ಸಾರ್, ಒಳಗಿದ್ದ ರಾಗಿ ಮೋಸ ಮಾಡ್ತು!” ಎಂದು ಮಕ್ಕಳು ಕೂಗಿದರು.

ಹಿಮಕುಸಿತದ ಗುಟ್ಟು ಇದೇ. ಬೆಟ್ಟದ ಮೇಲಿನ ಹಿಮ ಒಂದೇ ರಾಶಿಯಂತೆ ಕಂಡರೂ ಅದು ಪದರ ಪದರವಾಗಿರುತ್ತದೆ. ಚಳಿಗಾಲದ ಮೊದಲಲ್ಲಿ ಸ್ವಲ್ಪ ಹಿಮ ಬೀಳುತ್ತದೆ. ಮೋಡವಿಲ್ಲದ ಕಡುಚಳಿಯ ರಾತ್ರಿಗಳು ಬಂದಾಗ ಆ ಹಿಮ ಸಕ್ಕರೆಯ ಹರಳಿನಂತಾಗಿ, ಒಂದಕ್ಕೊಂದು ಅಂಟದೆ ಉಳಿಯುತ್ತದೆ. ನಮ್ಮ ಹಲಗೆಯ ರಾಗಿ ಕಾಳಿನ ಹಾಗೆ. ಅದರ ಮೇಲೆ ಹೊಸ ಹಿಮ ಬಿದ್ದು ದಪ್ಪನೆಯ ಪದರವಾಗುತ್ತದೆ. ಗಾಳಿಯೂ ಒಂದು ಕಡೆಯ ಹಿಮವನ್ನು ಹೊತ್ತು ತಂದು ಬೆಟ್ಟದ ಮತ್ತೊಂದು ಮಗ್ಗುಲಿಗೆ ಪೇರಿಸುತ್ತದೆ. ಒಳಗಿನ ದುರ್ಬಲ ಪದರ ಆ ಭಾರವನ್ನು ತಡೆಯುವವರೆಗೆ ತಡೆಯುತ್ತದೆ. ಆಮೇಲೆ ಒಬ್ಬ ಮನುಷ್ಯ ಕಾಲಿಟ್ಟರೂ ಸಾಕು, ಎಲ್ಲವೂ ಜಾರುತ್ತದೆ.

ಇಳಿಜಾರಿಗೂ ಒಂದು ಅಳತೆಯಿದೆ. ಇಂಥ ಹಿಮಕುಸಿತಗಳು ಹೆಚ್ಚಾಗಿ 30ರಿಂದ 45 ಡಿಗ್ರಿ ಇಳಿಜಾರಿನಲ್ಲಿ ಆಗುತ್ತವೆ. ಹೆಂಚಿನ ಮನೆಯ ಮಾಡು ಇಳಿಜಾರಾಗಿರುವಷ್ಟು, ಇಲ್ಲವೇ ಅದಕ್ಕಿಂತ ಸ್ವಲ್ಪ ಕಡಿದು. ಅದಕ್ಕಿಂತ ಸಮವಾಗಿದ್ದರೆ ಹಿಮ ಸಾಮಾನ್ಯವಾಗಿ ಜಾರುವುದಿಲ್ಲ. ತೀರ ಕಡಿದಾಗಿದ್ದರೆ ಹಿಮ ಅಲ್ಲಿ ರಾಶಿಯಾಗಿ ನಿಲ್ಲುವುದೇ ಇಲ್ಲ. ಸಿನಿಮಾದಲ್ಲಿ ಯಾರೋ ಕೂಗಿದ ಕೂಡಲೇ ಹಿಮ ಕುಸಿಯುವುದನ್ನು ತೋರಿಸುತ್ತಾರೆ. ಅದು ನಿಜವಲ್ಲ. ಮನುಷ್ಯನ ಕೂಗಿಗೆ ಅಷ್ಟು ಬಲವಿಲ್ಲ. ಅವನ ಕಾಲಿನ ಭಾರಕ್ಕೆ ಇದೆ. ಬೆಟ್ಟ ಹತ್ತಲು, ಹಿಮದಲ್ಲಿ ಜಾರಿ ಆಡಲು ಹೋಗಿ ಸಿಕ್ಕಿಕೊಂಡವರ ವಿಷಯದಲ್ಲಿ ಹತ್ತಕ್ಕೆ ಒಂಬತ್ತು ಸಲ ಹಿಮವನ್ನು ಜಾರಿಸಿದ್ದು ಅವರದೇ ಇಲ್ಲವೇ ಅವರ ಜೊತೆಗಾರರ ಕಾಲು.

ಈಗ ಸಿಯಾಚಿನ್‌ಗೆ ಹಿಂತಿರುಗೋಣ. ಹಿಮದಲ್ಲಿ ಪೂರ್ತಿ ಹೂತುಹೋದವರನ್ನು ಹತ್ತು ನಿಮಿಷದೊಳಗೆ ಹೊರತೆಗೆದರೆ ಹತ್ತರಲ್ಲಿ ಒಂಬತ್ತು ಮಂದಿ ಬದುಕುತ್ತಾರೆ. ಅರ್ಧ ಗಂಟೆಯಾದರೆ ಹತ್ತರಲ್ಲಿ ಮೂರು ನಾಲ್ಕು ಮಂದಿ ಉಳಿದರೆ ಹೆಚ್ಚು. ಸೋನಂ ಠಾಣೆಯಲ್ಲಿ ನಿಮಿಷಗಳು ಹೋದವು, ಗಂಟೆಗಳು ಹೋದವು, ದಿನಗಳೂ ಹೋದವು. ನೂರೈವತ್ತಕ್ಕೂ ಹೆಚ್ಚು ಸೈನಿಕರು ಆ ಚಳಿಯಲ್ಲಿ ಹಗಲು ರಾತ್ರಿ ಹಿಮ ಅಗೆದರು. ಕಲ್ಲಿನಂತಾಗಿದ್ದ ಹಿಮವನ್ನು ಯಂತ್ರಗಳಿಂದ ಕೊರೆದರು. ಡಾಟ್ ಮತ್ತು ಮಿಶಾ ಎಂಬ ಎರಡು ನಾಯಿಗಳು ಮೂಸಿ ಮೂಸಿ ಜಾಗ ತೋರಿಸಿದವು.

ಆರನೆಯ ದಿನ, ಅಂದರೆ ಫೆಬ್ರವರಿ 8ರಂದು, ಸುಮಾರು 25 ಅಡಿ ಹಿಮದ ಕೆಳಗೆ ಒಬ್ಬ ಸೈನಿಕರು ಜೀವಂತವಾಗಿ ಸಿಕ್ಕಿದರು. ಅವರು ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ಧಾರವಾಡ ಜಿಲ್ಲೆ ಕುಂದಗೋಳ ತಾಲ್ಲೂಕಿನ ಬೆಟದೂರು ಅವರ ಊರು. ಹುಡುಗನಾಗಿದ್ದಾಗ ದಿನವೂ 6 ಕಿಲೋಮೀಟರ್ ನಡೆದು ಪ್ರೌಢಶಾಲೆಗೆ ಹೋಗುತ್ತಿದ್ದರು. 2002ರಲ್ಲಿ ಸೇನೆಗೆ ಸೇರಿದ್ದರು. ಅವರ ಸುತ್ತ ಸ್ವಲ್ಪ ಗಾಳಿಗೆ ಜಾಗ ಉಳಿದಿತ್ತೆಂದು ವರದಿಯಾಯಿತು. ಹೆಲಿಕಾಪ್ಟರಿನಲ್ಲಿ ಕೆಳಗಿಳಿಸಿ, ದೆಹಲಿಯ ಸೇನಾ ಆಸ್ಪತ್ರೆಗೆ ಕರೆತಂದರು. ದೇಶದ ಜನ ಗುಡಿ, ಮಸೀದಿ, ಚರ್ಚುಗಳಲ್ಲಿ ಪ್ರಾರ್ಥಿಸಿದರು. ನಮ್ಮ ಶಾಲೆಯ ಮಕ್ಕಳೂ ಬೆಳಗಿನ ಪ್ರಾರ್ಥನೆಯಲ್ಲಿ ಅವರಿಗಾಗಿ ಎರಡು ನಿಮಿಷ ಕೈಮುಗಿದು ನಿಂತರು. ಆದರೂ ಫೆಬ್ರವರಿ 11ರಂದು ಅವರು ತೀರಿಕೊಂಡರು. ಉಳಿದ ಒಂಬತ್ತು ಮಂದಿ ಮೊದಲೇ ಹಿಮದಡಿಯಲ್ಲಿ ಪ್ರಾಣ ಬಿಟ್ಟಿದ್ದರು.

ಮಕ್ಕಳೇ, ಸಿಯಾಚಿನ್‌ನಲ್ಲಿ ಶತ್ರುವಿನ ಗುಂಡಿಗೆ ಸತ್ತ ಸೈನಿಕರಿಗಿಂತ ಚಳಿ, ಹಿಮ, ಎತ್ತರಗಳಿಗೆ ಸತ್ತವರೇ ಹೆಚ್ಚು. ಹಾಗಿದ್ದರೂ ಅವರು ಅಲ್ಲಿ ನಿಂತಿರುತ್ತಾರೆ. ‘ಈ ದಿನ ಹಿಮ ಸರಿಯಿಲ್ಲ, ಮನೆಗೆ ಹೋಗುತ್ತೇನೆ’ ಎಂದು ಅವರು ಹೇಳುವಂತಿಲ್ಲ. ಅದು ಅವರ ಕರ್ತವ್ಯ.

ಆದ್ದರಿಂದಲೇ ಹಿಮವನ್ನು ಓದುವ ವಿದ್ಯೆಗೆ ಬೆಲೆಯಿದೆ. ನಮ್ಮ ದೇಶದಲ್ಲಿ 1969ರಲ್ಲಿ ಹಿಮ ಮತ್ತು ಹಿಮಕುಸಿತಗಳ ಅಧ್ಯಯನಕ್ಕಾಗಿಯೇ ಹಿಮಾಚಲ ಪ್ರದೇಶದ ಮನಾಲಿಯಲ್ಲಿ ಒಂದು ಸಂಸ್ಥೆ ಪ್ರಾರಂಭವಾಯಿತು. 2020ರಲ್ಲಿ ಅದನ್ನು ಚಂಡೀಗಢದ ಹೊಸ ರಕ್ಷಣಾ ಸಂಶೋಧನಾ ಸಂಸ್ಥೆಯಲ್ಲಿ ಸೇರಿಸಲಾಯಿತು. ಅಲ್ಲಿನ ವಿಜ್ಞಾನಿಗಳು ಹಿಮಾಲಯದ ಹಿಮವನ್ನು ಅಳೆದು, ಎಲ್ಲಿ ಅಪಾಯವಿದೆ ಎಂದು ಚಳಿಗಾಲದಲ್ಲಿ ಮುನ್ನೆಚ್ಚರಿಕೆ ಕೊಡುತ್ತಾರೆ. ಹಿಮದಲ್ಲಿ ಗುಂಡಿ ತೋಡಿ, ಅದರ ಗೋಡೆಯಲ್ಲಿ ಪದರಗಳನ್ನು ನೋಡುವುದು ಈ ವಿದ್ಯೆಯ ಒಂದು ಮುಖ್ಯ ಭಾಗ.

ಕಣ್ಣು ಕಿವಿಗಳಿಗೆ ಸಿಗುವ ಸೂಚನೆಗಳೂ ಇವೆ. ಪಕ್ಕದ ಇಳಿಜಾರಿನಲ್ಲಿ ಆಗತಾನೇ ಹಿಮ ಜಾರಿದ ಗುರುತು ಇದ್ದರೆ ಅದು ಒಂದು ಸೂಚನೆ. ಕಾಲಿಟ್ಟ ಕಡೆಯಿಂದ ಹಿಮದಲ್ಲಿ ಬಿರುಕು ಓಡಿದರೆ ಮತ್ತೊಂದು. ಕಾಲ ಕೆಳಗೆ ‘ಧಬ್’ ಎಂದು ಟೊಳ್ಳು ಸದ್ದಾದರೆ ಒಳಗಿನ ಪದರ ಮುರಿಯುತ್ತಿದೆ ಎಂದು ಅರ್ಥ. ಒಂದೆರಡು ದಿನಗಳಲ್ಲಿ ಬಹಳ ಹಿಮ ಬಿದ್ದಿದ್ದರೆ, ಬಿರುಗಾಳಿ ಬೀಸಿದ್ದರೆ, ಚಳಿ ಇದ್ದಕ್ಕಿದ್ದಂತೆ ಕಡಿಮೆಯಾಗಿದ್ದರೆ ಆ ಇಳಿಜಾರಿಗೆ ಹೋಗಬಾರದು. ತಿಳಿದವರು ಅಪಾಯದ ಜಾಗವನ್ನು ದಾಟಲೇಬೇಕಾದರೆ ಒಬ್ಬೊಬ್ಬರಾಗಿ ದಾಟುತ್ತಾರೆ. ಒಬ್ಬರು ಸಿಕ್ಕಿಕೊಂಡರೆ ಉಳಿದವರು ಬಿಡಿಸಬಹುದಲ್ಲವೇ? ಅದಕ್ಕಾಗಿ ಪ್ರತಿಯೊಬ್ಬರ ಬಳಿಯೂ ಮೂರು ಸಾಮಾನು ಇರುತ್ತವೆ. ಹೂತವರು ಎಲ್ಲಿದ್ದಾರೆಂದು ಸಂಕೇತದಿಂದ ತಿಳಿಸುವ ಸಣ್ಣ ಯಂತ್ರ, ಹಿಮದೊಳಗೆ ಚುಚ್ಚಿ ನೋಡುವ ಉದ್ದನೆಯ ಕೋಲು, ಅಗೆಯಲು ಒಂದು ಸಲಿಕೆ.

ಹಲವು ದೇಶಗಳಲ್ಲಿ ಅಪಾಯವನ್ನು 1ರಿಂದ 5ರವರೆಗೆ ಅಂಕಿ ಹಾಕಿ ಹೇಳುತ್ತಾರೆ. 1 ಎಂದರೆ ಕಡಿಮೆ, 5 ಎಂದರೆ ತೀರ ಹೆಚ್ಚು. ಯಾವ ಅಂಕಿಯ ದಿನ ಹೆಚ್ಚು ಮಂದಿ ಸಾಯುತ್ತಾರೆ, ಹೇಳಿ ನೋಡೋಣ. ನೀವು 5 ಎನ್ನುವಿರಿ. ಅಲ್ಲ, 3. ಏಕೆಂದರೆ 5 ಎಂದಾಗ ಯಾರೂ ಮನೆಯಿಂದ ಹೊರಡುವುದಿಲ್ಲ. 3 ಎಂದಾಗ ‘ನಡುವೆ ತಾನೇ ಇದೆ, ಏನಾಗುತ್ತದೆ, ನೋಡೋಣ’ ಎನ್ನುತ್ತಾರೆ. ಬಹಳ ಸಲ ನಮ್ಮನ್ನು ಕೆಡಿಸುವುದು ಈ ‘ನೋಡೋಣ’ ಎಂಬ ಮಾತೇ.

ಜಾಣ್ಮೆ, ಧೈರ್ಯ ಇದ್ದವರನ್ನು ಹಿಮ ಬಿಟ್ಟುಬಿಡುತ್ತದೆ ಎಂದೂ ತಿಳಿಯಬೇಡಿ. 2022ರ ಅಕ್ಟೋಬರ್ 4ರಂದು ಉತ್ತರಾಖಂಡದ ದ್ರೌಪದಿ ಕಾ ಡಾಂಡಾ ಎಂಬ ಶಿಖರದಲ್ಲಿ ಪರ್ವತಾರೋಹಣ ಕಲಿಯುತ್ತಿದ್ದವರ ಮೇಲೆ ಹಿಮ ಕುಸಿದು 29 ಮಂದಿ ಬಲಿಯಾದರು. ಅದೇ ವರ್ಷದ ಮೇ ತಿಂಗಳಲ್ಲಿ ಎವರೆಸ್ಟ್ ಏರಿ ಬಂದಿದ್ದ ಸವಿತಾ ಕನ್ಸ್‌ವಾಲ್ ಅವರಲ್ಲಿ ಒಬ್ಬರು. ಅವರು ಆ ತಂಡಕ್ಕೆ ಕಲಿಸುವವರಾಗಿದ್ದರು. 2024ರ ಜೂನ್‌ನಲ್ಲಿ ಅದೇ ಉತ್ತರಾಖಂಡದ ಸಹಸ್ರತಾಲ್ ದಾರಿಯಲ್ಲಿ ಕರ್ನಾಟಕದಿಂದ ಹೋಗಿದ್ದ 9 ಚಾರಣಿಗರು ಹಿಮಗಾಳಿಗೆ ಸಿಕ್ಕಿ ಚಳಿಯಿಂದ ಸತ್ತರು. ಇವರಲ್ಲಿ ಯಾರೂ ಹೇಡಿಗಳಲ್ಲ, ದಡ್ಡರೂ ಅಲ್ಲ. ಬೆಟ್ಟ ನಮಗಿಂತ ಬಹಳ ದೊಡ್ಡದು, ಅಷ್ಟೇ. ಕರ್ತವ್ಯಕ್ಕೆ ಹೋದವರು ನಿಲ್ಲಲೇಬೇಕು. ಇಷ್ಟಪಟ್ಟು ಹೋದವರಿಗೆ ಮಾತ್ರ ಹಿಂತಿರುಗುವ ಸ್ವಾತಂತ್ರ್ಯವಿದೆ. ಆ ಸ್ವಾತಂತ್ರ್ಯವನ್ನು ಬಳಸಿಕೊಳ್ಳಲು ನಾಚಬಾರದು. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ. ಮತ್ತೊಂದು ದಿನ ಹತ್ತಬಹುದು.

ಇದೆಲ್ಲ ದೂರದ ಹಿಮಾಲಯದ ಮಾತು ಎನ್ನಬೇಡಿ. ನಾವೂ ಬೆಟ್ಟದ ಜನರೇ. 2024ರ ಜುಲೈ 30ರಂದು ನಮ್ಮಿಂದ ಬಹಳ ದೂರವಲ್ಲದ ಕೇರಳದ ವಯನಾಡಿನಲ್ಲಿ ಮಳೆಗೆ ಬೆಟ್ಟ ಕುಸಿದು ಮುಂಡಕ್ಕೈ, ಚೂರಲ್‌ಮಲ ಎಂಬ ಊರುಗಳು ಮಣ್ಣಿನಡಿಯಾದವು. ಅಲ್ಲಿ ಹಿಮವಿರಲಿಲ್ಲ. ಆದರೆ ಇಳಿಜಾರು ಇತ್ತು. ನೀರು ಕುಡಿದ ಮಣ್ಣಿನ ಭಾರ ಇತ್ತು. ಆ ಭಾರವನ್ನು ಹಿಡಿದು ನಿಲ್ಲಲಾರದ ನೆಲ ಕೆಳಗಿತ್ತು. ಮಣ್ಣೂ ಕುಸಿಯುವ ಮೊದಲು ಎಷ್ಟೋ ಸಲ ಸೂಚನೆ ಕೊಡುತ್ತದೆ. ನೆಲದಲ್ಲಿ ಹೊಸ ಬಿರುಕು ಬರುತ್ತದೆ. ನೆಟ್ಟಗಿದ್ದ ಮರ, ಕಂಬ ವಾಲುತ್ತದೆ. ತಿಳಿಯಾಗಿದ್ದ ಒರತೆಯಲ್ಲಿ ಕೆಸರು ನೀರು ಬರುತ್ತದೆ. ಇವುಗಳಲ್ಲಿ ಯಾವುದನ್ನು ಕಂಡರೂ ಕೂಡಲೇ ದೊಡ್ಡವರಿಗೆ ಹೇಳಿ. ‘ಹುಡುಗರ ಮಾತು’ ಎಂದು ಯಾರಾದರೂ ನಕ್ಕರೆ ಮತ್ತೊಬ್ಬರಿಗೆ ಹೇಳಿ.

ನಮ್ಮ ಕಾಡು 2013ರಲ್ಲಿ ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶವಾಯಿತು. ನಿಮ್ಮಲ್ಲಿ ಕೆಲವರು ಆ ಕಾಡಂಚಿನ ದಾರಿಯಲ್ಲಿಯೇ ಶಾಲೆಗೆ ಬರುವಿರಿ. ಸೂಚನೆ ಓದುವುದನ್ನು ನಿಮಗೆ ಹೊಸದಾಗಿ ಕಲಿಸಬೇಕಾಗಿಲ್ಲ. ದಾರಿಯಲ್ಲಿ ಬಿಸಿಯಾರದ ಲದ್ದಿ ಕಂಡರೆ ಆನೆ ಹತ್ತಿರದಲ್ಲಿದೆ ಎಂದು ನಿಮ್ಮ ಅಜ್ಜ ಹೇಳಿಕೊಟ್ಟಿದ್ದಾರೆ. ಮುರಿದ ಕೊಂಬೆಯ ಎಲೆ ಬಾಡಿಲ್ಲದಿದ್ದರೆ ಅದು ಈಗತಾನೇ ಮುರಿದದ್ದು ಎಂದು ನಿಮ್ಮ ಅವ್ವ ಹೇಳಿದ್ದಾರೆ. ಮೇಲಿನ ಬೆಟ್ಟದಲ್ಲಿ ಮೋಡ ಕಪ್ಪಾಗಿದ್ದರೆ, ನಮ್ಮ ತಲೆಯ ಮೇಲೆ ಬಿಸಿಲಿದ್ದರೂ ಹಳ್ಳಕ್ಕೆ ಇಳಿಯಬಾರದೆಂದು ದನ ಕಾಯುವ ಹುಡುಗನಿಗೂ ಗೊತ್ತು. ಹಿಮಾಲಯದವರು ಹಿಮವನ್ನು ಓದುವ ಹಾಗೆ ನೀವು ಕಾಡನ್ನು, ಹಳ್ಳವನ್ನು ಓದುತ್ತೀರಿ. ಇದು ಪುಸ್ತಕದ ಓದಿಗಿಂತ ಕಡಿಮೆಯದಲ್ಲ.

ಓದಿದ ಮೇಲೆ ಅದರಂತೆ ನಡೆಯುವುದು ಮಾತ್ರ ಕಷ್ಟ. ಜೊತೆಯ ಹುಡುಗರು ‘ಹೆದರುಪುಕ್ಕಲ’ ಎಂದು ಹಂಗಿಸುತ್ತಾರೆ. ಶಾಲೆಗೆ ಹೊತ್ತಾಯಿತೆಂಬ ಅವಸರವಿರುತ್ತದೆ. ಹಳ್ಳದ ಆಚೆ ದಡದಲ್ಲಿ ಮನೆ ಕಾಣುತ್ತಿರುತ್ತದೆ. ಅಂಥ ಹೊತ್ತಿನಲ್ಲಿ ಒಂದು ಕ್ಷಣ ನಿಲ್ಲಿ. ಕಂಡ ಗುರುತನ್ನು ಜೊತೆಯವರಿಗೂ ತೋರಿಸಿ. ದಾರಿ ಸರಿಯಿಲ್ಲವೆನಿಸಿದರೆ ಹಿಂತಿರುಗಿ, ಚಿಕ್ಕವರನ್ನೂ ಕೈಹಿಡಿದು ಕರೆದುಕೊಂಡು ಬನ್ನಿ. ಆ ದಿನ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರಿನ ಮುಂದೆ ಗೈರುಹಾಜರಿ ಬಿದ್ದರೆ ಬೀಳಲಿ. ಮರುದಿನ ನೀವು ತರಗತಿಯಲ್ಲಿ ಕುಳಿತಿರುವುದನ್ನು ಕಂಡರೆ ಸಾಕು, ನಿಮ್ಮ ಮೇಷ್ಟ್ರಿಗೆ ಸಂತೋಷ.